ಚಿಮಿಣಿ ಎಣ್ಣೆಗೆ ಯಾವ ಎಣ್ಣೆ ಬೆರೆಸುವುದು? ಪುಟ್ಟ ಜೆಟ್ ಎಂಜಿನ್ ಬಗ್ಗೆ ಕೇಳುವುದಿತ್ತು

ಕುಂಬಳೆ ಗಾಳಿಪಟ:

ನಮಸ್ಕಾರ ಎಲ್ಲರಿಗೂ. ಕುಂಬಳೆ ಹತ್ತಿರದವನು ನಾನು. ಹತ್ತು ವರ್ಷದಿಂದ ರಿಮೋಟ್ ವಿಮಾನದ ಹುಚ್ಚು. ಮೊದಲು ಗ್ಲೋ ಎಂಜಿನ್ (ಮಾಡೆಲಿಗೆ ಹಾಕುವ ಪುಟ್ಟ ಪಿಸ್ಟನ್ ಎಂಜಿನ್), ಆಮೇಲೆ ಬ್ಯಾಟರಿಯದ್ದು. ಜೆಟ್ ಮಾತ್ರ ವಿಡಿಯೊದಲ್ಲಿ ನೋಡಿ ಬಾಯಿ ಬಿಟ್ಟದ್ದು ಅಷ್ಟೇ. ಹೋದ ತಿಂಗಳು, ಈ ಹವ್ಯಾಸ ಸಾಕು ಅಂತ ಎಲ್ಲ ಮಾರುತ್ತಿದ್ದ ಒಬ್ಬರಿಂದ ಹತ್ತು ಕಿಲೋ ತಳ್ಳುವ ಒಂದು ಹಳೆ ಟರ್ಬೈನ್, ಅಂದರೆ ಪುಟ್ಟ ಜೆಟ್ ಎಂಜಿನ್, ತೆಗೆದುಕೊಂಡೆ. ಅಡಿಕೆಗೆ ಒಳ್ಳೆ ರೇಟು ಸಿಕ್ಕಿದ ಖುಷಿಯಲ್ಲಿ ಮಾಡಿದ ಕೆಲಸ. ಮನೆಯಲ್ಲಿ ಇನ್ನೂ ನಿಜವಾದ ಬೆಲೆ ಹೇಳಿಲ್ಲ.

ಒಟ್ಟು ಹನ್ನೊಂದು ಗಂಟೆ ಓಡಿದೆ ಅಂತ ಇಸಿಯು (ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್) ತೋರಿಸುತ್ತದೆ. ಮ್ಯಾನುಯಲ್ ಕೊಟ್ಟಿಲ್ಲ. ಇದು ಓಡುವುದು ಚಿಮಿಣಿ ಎಣ್ಣೆಯಲ್ಲಿ (ಕೆರೋಸಿನ್), ಅದಕ್ಕೆ ಬೆರೆಸುವ ಎಣ್ಣೆ ಯಾವುದು ಅಂತ ಕೇಳಿದ್ದಕ್ಕೆ "ಯಾವುದಾದರೂ 2ಟಿ (ಟೂ-ಸ್ಟ್ರೋಕ್ ಎಂಜಿನಿನ ಎಣ್ಣೆ) ಹಾಕಿ, ಏನೂ ಆಗುವುದಿಲ್ಲ" ಅಂದರು. ಅದೇ ಉಸಿರಿನಲ್ಲಿ ಅರ್ಧ ಖಾಲಿಯಾದ ಒಂದು ಡಬ್ಬ ಕೈಗಿಟ್ಟು "ಇದು ವಿಮಾನದ್ದೇ ಎಣ್ಣೆ" ಅಂತಲೂ ಅಂದರು. ಎರಡರಲ್ಲಿ ಯಾವ ಮಾತು ನಂಬುವುದು?

ಊರಿನಲ್ಲಿ ವಿಚಾರಿಸಿದರೆ ಒಬ್ಬೊಬ್ಬರದ್ದು ಒಂದೊಂದು. ನನ್ನ ಗೆಳೆಯನೊಬ್ಬ ಕಡಲಿಗೆ ಹೋಗುವವನು, ಅವನ ದೋಣಿಯ ಔಟ್‌ಬೋರ್ಡ್ ಎಂಜಿನ್ನಿಗೂ ಚಿಮಿಣಿ ಎಣ್ಣೆಯೇ, ಅದರಲ್ಲಿ 2ಟಿ ಬೆರೆಸುವುದು. "ನಿನ್ನದೂ ಅದೇ ಅಲ್ವಾ, ನನ್ನ ಕ್ಯಾನಿನಿಂದಲೇ ಎರಡು ಲೀಟರ್ ಬಗ್ಗಿಸಿಕೋ" ಅನ್ನುತ್ತಾನೆ. ಯೋಚಿಸಿದರೆ ಅವನ ಮಾತು ಸರಿ ಅಂತಲೇ ಕಾಣುತ್ತದೆ. ತೋಟದ ಬ್ರಷ್ ಕಟ್ಟರಿಗೆ ತಂದ 2ಟಿ ಮನೆಯಲ್ಲೇ ಉಂಟು. ಗ್ಲೋ ಕಾಲದ ಹರಳೆಣ್ಣೆಯೂ ಒಂದು ಬಾಟಲಿ ಉಳಿದಿದೆ, ಅದರಷ್ಟು ಜಾರುವ ಎಣ್ಣೆ ಇನ್ನೊಂದಿಲ್ಲ ಅಂತ ನಮಗೆ ಕಲಿಸಿದವರು ಹೇಳುತ್ತಿದ್ದರು.

ಯಾವುದು ಹಾಕಲಿ, ಎಷ್ಟು ಹಾಕಲಿ? ಇನ್ನೂ ಸ್ಟಾರ್ಟ್ ಮಾಡಿಲ್ಲ. ಕಪಾಟಿನಲ್ಲಿಟ್ಟು ದಿನಕ್ಕೊಮ್ಮೆ ನೋಡಿ ಬರುತ್ತಿದ್ದೇನೆ.

ಬದಿಯಡ್ಕ ಸ್ಪ್ಯಾನರ್:

ಸ್ಟಾರ್ಟ್ ಮಾಡುವ ಮೊದಲೇ ಕೇಳಿದಿರಲ್ಲ ಮಾರಾಯ್ರೇ, ಅದೇ ದೊಡ್ಡದು. ನಾನು ಸ್ಟಾರ್ಟ್ ಮಾಡಿದ ಮೇಲೆ ಕೇಳಿದವನು.

ದೋಣಿಯವರ ಮಾತು ಕೇಳಲಿಕ್ಕೆ ಸರಿ, ಆದರೆ ಲೆಕ್ಕ ಬೇರೆ. ದೋಣಿ ಎಂಜಿನ್ ನಿಮಿಷಕ್ಕೆ ಐದು ಸಾವಿರ ಸುತ್ತು ಹೊಡೆದರೆ ಅದು ಜೋರು. ನಿಮ್ಮದು ಹತ್ತು ಕಿಲೋದ್ದು ಅಂದರೆ ಪೂರ್ತಿ ಥ್ರಾಟಲಿನಲ್ಲಿ ಒಂದೂವರೆ ಲಕ್ಷದ ಹತ್ತಿರ, ಅಂದರೆ ಸೆಕೆಂಡಿಗೆ 2,500 ಸುತ್ತು. ಸುಮ್ನೆ ಐಡಲಿನಲ್ಲಿ ನಿಂತಾಗಲೇ ನಲವತ್ತು ಸಾವಿರದ ಆಸುಪಾಸು. ಅಷ್ಟು ಓಡುವ ಎಂಜಿನಿನ ಒಳಗೆ ಎಣ್ಣೆ ಬೇಕಾದ ಜಾಗ ಎರಡೇ ಎರಡು. ಮುಂದೆ ಒಂದು ಬೇರಿಂಗ್, ಹಿಂದೆ ಒಂದು ಬೇರಿಂಗ್. ಪಿಸ್ಟನ್ ಇಲ್ಲ, ಎಣ್ಣೆ ತುಂಬಿಸುವ ಸಂಪ್ ಇಲ್ಲ. ಟ್ಯಾಂಕಿನಿಂದ ಬರುವ ಇಂಧನದ ಒಂದು ಸಣ್ಣ ಪಾಲು ಸೂಜಿಯ ಹಾಗಿರುವ ಕೊಳವೆಯಲ್ಲಿ ಬೇರಿಂಗಿಗೆ ಹೋಗುತ್ತದೆ, ಬಾಕಿ ಎಲ್ಲ ಉರಿಯಲಿಕ್ಕೆ. ಬೇರಿಂಗಿಗೆ ಹೋದದ್ದು ವಾಪಸ್ ಬರುವುದಿಲ್ಲ. ಶಾಫ್ಟಿನ ಸುತ್ತ ಹಾದು, ಬೇರಿಂಗನ್ನು ತಣ್ಣಗೂ ಮಾಡಿ, ಹಿಂದಿನಿಂದ ಹೊರಗೆ ಹೋಗಿ ಹೊಗೆಯಾಗುತ್ತದೆ.

ಈಗ ಹಿಂದಿನ ಬೇರಿಂಗ್ ಎಲ್ಲಿ ಕೂತಿದೆ ಅಂತ ನೋಡಿ. ಟರ್ಬೈನ್ ಚಕ್ರದ ಬೆನ್ನಿಗೇ. ಆ ಚಕ್ರದಿಂದ ಹೊರಬರುವ ಗಾಳಿ ಆರುನೂರು ಏಳುನೂರು ಡಿಗ್ರಿ. ಅಲ್ಲಿ ಎಣ್ಣೆ ಜಾರಿದರೆ ಮಾತ್ರ ಸಾಲದು, ಸುಟ್ಟಾಗ ಹಿಂದೆ ಏನೂ ಬಿಡಬಾರದು. ದೋಸೆ ಕಾವಲಿಯ ಅಂಚಿನಲ್ಲಿ ಕಪ್ಪು ಜಿಗಟು ಕಟ್ಟುತ್ತದಲ್ಲ, ಉಜ್ಜಿದರೂ ಹೋಗದ್ದು, ಅದು ಬೇರಿಂಗಿನ ಗುಂಡುಗಳ ನಡುವೆ ಕಟ್ಟಿದರೆ ಎಂತ ಆಗುತ್ತದೆ ಯೋಚಿಸಿ. ಹರಳೆಣ್ಣೆ ಮಾಡುವುದು ಸರಿಯಾಗಿ ಅದನ್ನೇ. ಗ್ಲೋ ಎಂಜಿನಿನಲ್ಲಿ ಅದು ದೇವರು, ಇಲ್ಲಿ ಮುಟ್ಟಲೇಬೇಡಿ.

ಟರ್ಬೈನಿಗೆ ಅಂತಲೇ ಮಾಡಿದ ಸಿಂಥೆಟಿಕ್ ಎಣ್ಣೆ ಬರುತ್ತದೆ. ಏರೋಶೆಲ್ 500, ಮೊಬಿಲ್ ಜೆಟ್ ಆಯಿಲ್ 2, ಈಸ್ಟ್‌ಮನ್ 2380, ಹೀಗೆ. ನೂರಕ್ಕೆ ಐದು ಭಾಗ. 20 ಲೀಟರ್ ಇಂಧನಕ್ಕೆ ಒಂದು ಲೀಟರ್. ಡಬ್ಬ ಬರುವುದು ಅಮೆರಿಕದ ಕ್ವಾರ್ಟ್ ಅಳತೆಯಲ್ಲಿ, 946 ಮಿಲಿ, ಹಾಗಾಗಿ ಒಂದು ಡಬ್ಬಕ್ಕೆ 19 ಲೀಟರ್ ಅಂತ ಲೆಕ್ಕ ಇಟ್ಟರೆ ಸರಿ ಹೋಗುತ್ತದೆ. ನಿಮ್ಮ ಸೈಜಿನ ಎಂಜಿನ್ ಪೂರ್ತಿ ಥ್ರಾಟಲಿನಲ್ಲಿ ನಿಮಿಷಕ್ಕೆ 350 ಮಿಲಿ ಹತ್ತಿರ ಕುಡಿಯುತ್ತದೆ. ಒಂದು ಹಾರಾಟಕ್ಕೆ ಎರಡು ಲೀಟರ್ ಹಿಡಿದರೆ ಎಣ್ಣೆ ನೂರು ಮಿಲಿ. ಡಬ್ಬಕ್ಕೆ ಒಂಬತ್ತು ಹತ್ತು ಹಾರಾಟ. ದುಬಾರಿಯೇ, ಆದರೆ ಬೇರಿಂಗ್ ಬದಲಿಸಲಿಕ್ಕೆ ಎಂಜಿನನ್ನು ಹೊರದೇಶಕ್ಕೆ ಕಳಿಸುವ ಖರ್ಚು ಒಮ್ಮೆ ಕೇಳಿ ನೋಡಿ.

ಇನ್ನೊಂದು, ನೀವು ಗ್ಲೋದಿಂದ ಬಂದವರು ಅಂತ ಹೇಳುತ್ತೇನೆ. ನನ್ನ ಮೊದಲ ಎಂಜಿನ್ ಹಾಳಾದದ್ದು ಎಣ್ಣೆಯಿಂದ ಅಲ್ಲ. ಎಣ್ಣೆ ಸರಿ ಇತ್ತು, ಅಳತೆ ಸರಿ ಇತ್ತು. ಮನೆಯಲ್ಲಿದ್ದ ಗ್ಲೋ ಕಾಲದ ಸಿಲಿಕಾನ್ ಟ್ಯೂಬಿನ ಒಂದು ಗೇಣು ತುಂಡನ್ನು ಫಿಲ್ಟರಿನ ಆಚೆ ಬದಿಗೆ ಹಾಕಿದ್ದೆ. ಚಿಮಿಣಿ ಎಣ್ಣೆಗೆ ಸಿಲಿಕಾನ್ ಊದಿಕೊಂಡು ಮೆತ್ತಗಾಗುತ್ತದೆ ಅಂತ ಗೊತ್ತಿರಲಿಲ್ಲ. ಅದರ ಒಂದು ಚೂರು ಹೋಗಿ ಬೇರಿಂಗಿನ ಆ ಸೂಜಿ ಕೊಳವೆಯಲ್ಲಿ ಕೂತಿತು. ಮೋಸ ಏನು ಅಂದರೆ, ಎಂಜಿನ್ ಚೆನ್ನಾಗಿಯೇ ಓಡುತ್ತದೆ. ಉರಿಯುವ ದಾರಿ ಬೇರೆ ಅಲ್ವಾ, ಅಲ್ಲಿ ಇಂಧನಕ್ಕೆ ಕೊರತೆ ಇಲ್ಲ. ಬೇರಿಂಗ್ ಮಾತ್ರ ಒಣಗಿ ಸಾಯುತ್ತಿರುತ್ತದೆ. ನಾಲ್ಕನೇ ಹಾರಾಟದಲ್ಲಿ ಶಬ್ದ ಬದಲಾಯಿತು, ಇಳಿಸುವಷ್ಟರಲ್ಲಿ ಮುಗಿದಿತ್ತು. ಇಂಧನಕ್ಕೆ ಊದಿಕೊಳ್ಳದ ಟೈಗಾನ್ ಟ್ಯೂಬ್ ಹಾಕಿ, ಫಿಲ್ಟರ್ ಹೊಸದು ಹಾಕಿ, ಟ್ಯಾಂಕಿನಿಂದ ಗುಳ್ಳೆ ಬಾರದ ಹಾಗೆ ನೋಡಿಕೊಳ್ಳಿ. ಎಣ್ಣೆಯ ಚರ್ಚೆ ಆಮೇಲೆ.

ಜತ್ತದ ಜೋಳದ ರೊಟ್ಟಿ:

ಬದಿಯಡ್ಕದ ಅಣ್ಣಾವ್ರು ಹೇಳಿದ್ದು ಎಲ್ಲ ಖರೆ, ಆದರೆ 2ಟಿಯನ್ನು ಇಷ್ಟು ಬೈಯಬೇಕಾಗಿಲ್ಲ ನೋಡ್ರಿ. ನಾನು ಮಹಾರಾಷ್ಟ್ರದ ಜತ್ತ ಕಡೆಯವನು. ಮೂರು ವರ್ಷದಿಂದ ಪೂರ್ತಿ ಸಿಂಥೆಟಿಕ್ 2ಟಿಯಲ್ಲೇ ಓಡಿಸುತ್ತಿದ್ದೇನೆ. ನನ್ನ ಎಂಜಿನ್ ಮಾಡಿದ ಕಂಪನಿಯೇ ಮ್ಯಾನುಯಲಿನಲ್ಲಿ ಒಪ್ಪಿದೆ. ಟರ್ಬೈನ್ ಎಣ್ಣೆ, ಇಲ್ಲವಾದರೆ ಒಳ್ಳೆಯ ಸಿಂಥೆಟಿಕ್ 2ಟಿ, ಎರಡೂ ನಡೆಯುತ್ತದೆ ಅಂತ ಬರೆದಿದೆ. ಹಾಗೆ ಒಪ್ಪುವ ಕಂಪನಿಗಳು ಇವೆ.

ನಾನು ಯಾಕೆ ಬದಲಾದೆ ಅಂತ ಹೇಳುತ್ತೇನೆ. ರೊಕ್ಕಕ್ಕಲ್ಲ. ಟರ್ಬೈನ್ ಎಣ್ಣೆ ಬೆರೆಸಿದ ಮೇಲೆ ಕ್ಯಾನ್ ನೋಡಿದರೆ ಬೆರೆಸಿದ್ದು ಯಾವುದು, ಬೆರೆಸದ್ದು ಯಾವುದು ಅಂತ ಗೊತ್ತೇ ಆಗುವುದಿಲ್ಲ. ತುಸು ಹಳದಿ, ಅಷ್ಟೇ. ಒಂದು ದಿನ ನನ್ನ ಹುಡುಗ ತಪ್ಪಿ ಎಣ್ಣೆ ಬೆರೆಸದ ಇಂಧನದ ಕ್ಯಾನಿನಿಂದ ಟ್ಯಾಂಕ್ ತುಂಬಿಸಿದ. ಹುಡುಗನ ತಪ್ಪೇನಿಲ್ಲ, ಎರಡೂ ಕ್ಯಾನ್ ಒಂದೇ ಬಣ್ಣ, ಚೀಟಿ ಅಂಟಿಸದ ಸೋಮಾರಿ ನಾನು. ಎಣ್ಣೆ ಇಲ್ಲದೆ ಒಂದು ಟ್ಯಾಂಕ್ ಓಡಿತು, ಬೇರಿಂಗ್ ಹೋಯಿತು. ಈಗ ಕೆಂಪು 2ಟಿ ಹಾಕುತ್ತೇನೆ. ಟ್ಯೂಬಿನಲ್ಲಿ ಕೆಂಪು ಕಾಣಲಿಲ್ಲ ಅಂದರೆ ಸ್ವಿಚ್ ಮುಟ್ಟುವುದಿಲ್ಲ.

ಆದರೆ ಯಾವುದಾದರೂ 2ಟಿ ಅಂದದ್ದು ಮಾತ್ರ ಶುದ್ಧ ತಪ್ಪು. ಬಂಕಿನಲ್ಲಿ ಪುಡಿಕೆಯಲ್ಲಿ ಕೊಡುವ ಮಿನರಲ್ 2ಟಿ ಬೇಡವೇ ಬೇಡ, ಬೂದಿ ಬಿಡುತ್ತದೆ. ಜಾಸೋ ಎಫ್‌ಡಿ (2ಟಿ ಎಣ್ಣೆಯ ಒಂದು ಜಪಾನಿ ದರ್ಜೆ) ಅಂತ ಬರೆದದ್ದು, ಪೂರ್ತಿ ಸಿಂಥೆಟಿಕ್ ನೋಡಿ. ಮತ್ತು ಎಂಜಿನ್ ಮಾಡಿದವರು ಒಪ್ಪಿದ್ದರೆ ಮಾತ್ರ.

ಇಂಧನಕ್ಕೆ ನಾನು ಬಂಕಿನ ಡೀಸೆಲ್ಲೇ ಹಾಕುತ್ತೇನೆ. 2020ರ ಏಪ್ರಿಲಿನಿಂದ ಬಂದ ಬಿಎಸ್6 ಡೀಸೆಲ್ಲಿನಲ್ಲಿ ಗಂಧಕ ತೀರಾ ಕಡಿಮೆ. ಡೀಸೆಲ್ ತಾನೇ ಜಿಡ್ಡು ಜಿಡ್ಡಾಗಿದೆ, ಅದಕ್ಕೆ ಎಣ್ಣೆ ಯಾಕೆ ಅಂತ ನಮ್ಮ ಕಡೆ ಒಬ್ಬರು ಕೇಳಿದ್ದರು. ಅವರ ಹಾಗೆ ಯೋಚಿಸಬೇಡಿ, ಐದು ಪರ್ಸೆಂಟ್ ಅದಕ್ಕೂ ಬೇಕು.

ಹೊಸೂರು ಹಳೆ ಕೈ:

ವಿಮಾನದ ಎಂಜಿನ್ ಶಾಪಿನಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿ ಈಗ ಹೊಸೂರಿನಲ್ಲಿ ಮನೆ ಮಾಡಿಕೊಂಡು ಆರಾಮಾಗಿದ್ದೇನೆ. ಮಾಡೆಲ್ ಜೆಟ್ ನನ್ನ ಮಗನದ್ದು, ಎಣ್ಣೆ ವಾಸನೆ ನನ್ನದು. ಇಬ್ಬರೂ ಹೇಳಿದ್ದರಲ್ಲಿ ಹುರುಳಿದೆ, ನಾನು ಬಿಟ್ಟುಹೋದದ್ದನ್ನು ಹೇಳುತ್ತೇನೆ.

ಕುಂಬಳೆ ತಮ್ಮ, ಮೊದಲು ಆ ಅರ್ಧ ಡಬ್ಬ ತಂದು ಮೇಲೆ ಏನು ಬರೆದಿದೆ ಅಂತ ಅಕ್ಷರ ಬಿಡದೆ ಓದಿ ಇಲ್ಲಿ ಹಾಕಿ. "ವಿಮಾನದ್ದೇ ಎಣ್ಣೆ" ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಪ್ರೊಪೆಲ್ಲರ್ ತಿರುಗಿಸುವ ಪಿಸ್ಟನ್ ಎಂಜಿನ್ನಿಗೂ ವಿಮಾನದ ಎಣ್ಣೆ ಅಂತಲೇ ಹೆಸರು, ಲ್ಯಾಂಡಿಂಗ್ ಗೇರ್ ಎತ್ತುವ ಹೈಡ್ರಾಲಿಕ್ ಎಣ್ಣೆಗೂ ಅದೇ ಹೆಸರು. ಡಬ್ಬಗಳೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ನೀವು ಹುಡುಕಬೇಕಾದ್ದು ಬ್ರಾಂಡ್ ಅಲ್ಲ, ಒಂದು ನಂಬರ್. ಮಿಲ್-ಪಿಆರ್‌ಎಫ್-23699. ಇದು ಅಮೆರಿಕದ ನೌಕಾದಳದ ಸ್ಪೆಸಿಫಿಕೇಶನ್, ಈಗ ಪ್ರಪಂಚದ ಹೆಚ್ಚಿನ ಪ್ರಯಾಣಿಕರ ಜೆಟ್‌ಗಳಲ್ಲಿ ಇದೇ ಜಾತಿಯ ಎಣ್ಣೆ ಓಡುತ್ತದೆ. ಮೇಲೆ ಬದಿಯಡ್ಕದವರು ಹೇಳಿದ ಮೂರೂ ಈ ನಂಬರಿನವೇ. ನೂರು ಡಿಗ್ರಿಯಲ್ಲಿ ಸುಮಾರು 5 ಸೆಂಟಿಸ್ಟೋಕ್ ದಪ್ಪ. ಕೈಗೆ ಹಾಕಿಕೊಂಡರೆ ಇದೇನು ಎಣ್ಣೆಯೋ ನೀರೋ ಅನಿಸುತ್ತದೆ. ಅಷ್ಟು ತೆಳ್ಳಗಿರುವುದೇ ಬೇಕಾದ್ದು. ದಪ್ಪ ಎಣ್ಣೆ ಒಳ್ಳೆಯದು ಅನ್ನುವುದು ಲಾರಿ ಗ್ಯಾರೇಜಿನ ಬುದ್ಧಿ. ಒಂದೂವರೆ ಲಕ್ಷ ಸುತ್ತಿನಲ್ಲಿ ದಪ್ಪ ಎಣ್ಣೆಯನ್ನು ಕಲಕಿದ ಬಿಸಿಗೇ ಬೇರಿಂಗ್ ಸೋಲುತ್ತದೆ. ಹಾಗೆಯೇ ಐದು ಒಳ್ಳೆಯದಾದರೆ ಹತ್ತು ಇನ್ನೂ ಒಳ್ಳೆಯದು ಅಂತಲೂ ಸುರಿಯಬೇಡಿ. ಸ್ಟಾರ್ಟ್ ಕಷ್ಟ, ಹೊಗೆ ಜಾಸ್ತಿ, ಒಳಗಿನ ಸೂಜಿಗಳ ಬಾಯಲ್ಲಿ ಮಸಿ.

ಬೇರಿಂಗ್ ಬಗ್ಗೆ ಒಂದು ಮಾತು, ನನಗೆ ಇಷ್ಟವಾದ ವಿಷಯ, ಬೇಡದವರು ದಾಟಿ ಹೋಗಿ. ಹವ್ಯಾಸಿಗಳು ಮನೆಯಲ್ಲೇ ಕಟ್ಟಿದ ಕೆಜೆ-66 ಅನ್ನುವ ಎಂಜಿನಿನಲ್ಲಿ 608 ಸೈಜಿನ ಬೇರಿಂಗ್ ಇತ್ತು. ಮಕ್ಕಳ ಸ್ಕೇಟಿಂಗ್ ಚಕ್ರದಲ್ಲಿ ಇರುತ್ತದಲ್ಲ, ಅದೇ ಅಳತೆ, 8 ಮಿಮೀ ತೂತು, 22 ಮಿಮೀ ಹೊರಗೆ. ಅಳತೆ ಮಾತ್ರ ಅದೇ. ಜೆಟ್ಟಿಗೆ ಹಾಕುವುದರಲ್ಲಿ ಗುಂಡುಗಳು ಸಿಲಿಕಾನ್ ನೈಟ್ರೈಡ್ ಅನ್ನುವ ಪಿಂಗಾಣಿ, ಉಕ್ಕಿನ ಅರ್ಧಕ್ಕಿಂತ ಕಡಿಮೆ ತೂಕ. ಉಕ್ಕಿನ ಗುಂಡಾದರೆ ಆ ವೇಗದಲ್ಲಿ ತನ್ನ ಭಾರಕ್ಕೇ ಹೊರ ಉಂಗುರವನ್ನು ಒತ್ತಿ ಹಾಳು ಮಾಡುತ್ತದೆ. ಇದಕ್ಕೂ ಮೊದಲು ಜರ್ಮನಿಯ ಕುರ್ಟ್ ಶ್ರೆಕ್ಲಿಂಗ್ ಕಟ್ಟಿದ ಎಂಜಿನಿನ ಕಂಪ್ರೆಸರ್ ಚಕ್ರ ಪ್ಲೈವುಡ್ಡಿನದು, ಕಾರ್ಬನ್ ನಾರು ಸುತ್ತಿದ್ದು. ಮರದ ಚಕ್ರದ ಜೆಟ್! ನಾನು ಮೊದಲ ಸಲ ಕೇಳಿದಾಗ ನಂಬಲಿಲ್ಲ.

ಎಣ್ಣೆಗೆ ಬರೋಣ. ಈ ಎಣ್ಣೆಗಳು ಎಸ್ಟರ್ ಜಾತಿಯವು, ಗಾಳಿಯ ತೇವ ಹೀರುತ್ತವೆ. ನಾನಿದ್ದ ಶಾಪಿನಲ್ಲಿ ತೆರೆದು ಉಳಿದ ಡಬ್ಬವನ್ನು ಮತ್ತೆ ಎಂಜಿನ್ನಿಗೆ ಹಾಕುತ್ತಿರಲಿಲ್ಲ. ನಿಮ್ಮ ಕರಾವಳಿಯ ಮಳೆಗಾಲದಲ್ಲಿ ಅರ್ಧ ತೆರೆದ ಡಬ್ಬವನ್ನು ಮೂರು ತಿಂಗಳು ಕಪಾಟಿನಲ್ಲಿಟ್ಟರೆ ಏನಾದೀತು ಅಂತ ನಾನು ಹೇಳಬೇಕಾಗಿಲ್ಲ, ಉಪ್ಪಿನ ಭರಣಿ ನೋಡಿದವರಿಗೆ ಗೊತ್ತು. ಸಣ್ಣ ಬಾಟಲಿಗೆ ಕುತ್ತಿಗೆಯವರೆಗೆ ತುಂಬಿಸಿ ಬಿಗಿಯಾಗಿ ಮುಚ್ಚಿಡಿ.

ಕೈಗವಸು ಹಾಕಿಕೊಳ್ಳಿ. ಇದರಲ್ಲಿ ಟ್ರೈಕ್ರೆಸಿಲ್ ಫಾಸ್ಫೇಟ್ ಅನ್ನುವ ಸೇರುವಸ್ತು ಇರುತ್ತದೆ, ಸವೆತ ತಡೆಯಲಿಕ್ಕೆ. ನರಗಳಿಗೆ ಒಳ್ಳೆಯದಲ್ಲ, ಚರ್ಮದಿಂದಲೂ ಒಳಗೆ ಹೋಗುತ್ತದೆ. ಎಣ್ಣೆ ಕೈಯಲ್ಲಿ ಅವಲಕ್ಕಿ ಪೊಟ್ಟಣ ಬಿಚ್ಚುವವರನ್ನು ಮೈದಾನದಲ್ಲಿ ನೋಡಿದ್ದೇನೆ, ನೋಡಿ ಬೈದಿದ್ದೇನೆ. ಮಾಡೆಲಿನ ಪೇಂಟ್ ಮೇಲೆ ಚೆಲ್ಲಿದರೆ ಕೂಡಲೇ ಒರೆಸಿ, ಪೇಂಟ್ ಮೆತ್ತಗಾಗುತ್ತದೆ.

ಕೊನೆಗೆ, ಎಣ್ಣೆ ಎಷ್ಟೇ ಒಳ್ಳೆಯದಿರಲಿ, ಎಂಜಿನ್ ಬಿಸಿ ಇರುವಾಗ ಬ್ಯಾಟರಿ ಕಿತ್ತರೆ ಕೆಲಸ ಕೆಟ್ಟಿತು. ಆಫ್ ಮಾಡಿದ ಮೇಲೆ ಸ್ಟಾರ್ಟರ್ ಮೋಟರ್ ಆಗಾಗ ತಿರುಗಿ ಒಳಗೆ ಗಾಳಿ ಎಳೆದು ತಣ್ಣಗೆ ಮಾಡುತ್ತದೆ, ನೂರು ಡಿಗ್ರಿಗಿಂತ ಕೆಳಗೆ ಬರುವವರೆಗೆ. ಆ ಹೊತ್ತಿಗೆ ಹೊಸ ಇಂಧನ ಬೇರಿಂಗಿಗೆ ಹೋಗುತ್ತಿರುವುದಿಲ್ಲ, ಚಕ್ರದ ಬಿಸಿ ಮಾತ್ರ ಶಾಫ್ಟಿನಲ್ಲಿ ಮುಂದೆ ಬರುತ್ತಿರುತ್ತದೆ. ಮಸಿ ಕಟ್ಟುವುದು ಹಾರಾಟದಲ್ಲಿ ಅಲ್ಲ ತಮ್ಮ, ಈ ಎರಡು ಮೂರು ನಿಮಿಷದಲ್ಲಿ.

ಜತ್ತದವರ ಬಣ್ಣದ ಮಾತು ನನಗೆ ಹಿಡಿಸಿತು. ಆದರೆ ಅದಕ್ಕೆ ಎಣ್ಣೆಯನ್ನೇ ಬದಲಿಸುವ ಬದಲು ಬೆರೆಸಿದ ಕ್ಯಾನಿನ ಹಿಡಿಕೆಗೆ ಒಂದು ಕೆಂಪು ಬಟ್ಟೆ ಕಟ್ಟಿದರೂ ಆಗುತ್ತಿತ್ತು.

ಜತ್ತದ ಜೋಳದ ರೊಟ್ಟಿ:

ಬಟ್ಟೆ ಕಟ್ಟಿದರೆ ಆಡು ತಿಂದು ಹೋಗುತ್ತದೆ ನಮ್ಮ ಕಡೆ! ತಮಾಷೆ ಮಾಡಿದೆ ಸರ. ಆದರೆ ನಾನು ನನ್ನ 2ಟಿ ಬಿಡುವುದಿಲ್ಲ. ಹೋದ ತಿಂಗಳು ಸರ್ವಿಸಿಗೆ ಬಿಚ್ಚಿದಾಗ ಹಿಂದಿನ ಬೇರಿಂಗ್ ಸ್ವಚ್ಛ ಇತ್ತು, 25 ಗಂಟೆ ಓಡಿದ್ದು.

ಕುಂಬಳೆ ಗಾಳಿಪಟ:

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಹೊಸೂರು ಹಿರಿಯರು ಹೇಳಿದ ಹಾಗೆ ಡಬ್ಬ ತಂದು ಧೂಳು ಒರೆಸಿ ಓದಿದೆ. 23699 ಎಲ್ಲೂ ಇಲ್ಲ. ದೊಡ್ಡದಾಗಿ ಡಬ್ಲ್ಯೂ100 ಅಂತ ಉಂಟು. ಬೆರಳಿಗೆ ಹಚ್ಚಿ ನೋಡಿದೆ, ಗವಸು ಹಾಕಿಯೇ. ಜೇನುತುಪ್ಪದ ಹಾಗೆ ದಪ್ಪ. ಇದು ಅದಲ್ಲ ಅಲ್ವಾ?

ಎಂಜಿನ್ ಮಾಡಿದ ಕಂಪನಿಗೆ ಸೀರಿಯಲ್ ನಂಬರ್ ಹಾಕಿ ಬರೆದಿದ್ದೆ, ಎರಡೇ ದಿನದಲ್ಲಿ ಮ್ಯಾನುಯಲ್ ಕಳಿಸಿದರು. ಅದರಲ್ಲಿ ಟರ್ಬೈನ್ ಎಣ್ಣೆ 5 ಪರ್ಸೆಂಟ್ ಅಂತ ಮಾತ್ರ ಇದೆ, 2ಟಿಯ ಸುದ್ದಿಯೇ ಇಲ್ಲ. ಇಂಧನ ಕೆರೋಸಿನ್ ಅಥವಾ ಡೀಸೆಲ್.

ಎರಡು ಸಂಶಯ. ಹಿಂದಿನವರು ಈ ಡಬ್ಲ್ಯೂ100 ಹಾಕಿಯೇ ಓಡಿಸಿದ್ದರೆ ಬೇರಿಂಗ್ ಕತೆ ಏನು? ಮತ್ತೆ ರೇಶನ್ ಕಾರ್ಡಿನ ನೀಲಿ ಚಿಮಿಣಿ ಎಣ್ಣೆ ಆದೀತಾ?

ಹೊಸೂರು ಹಳೆ ಕೈ:

ನಾನು ಹೆದರಿದ್ದು ಅದಕ್ಕೇ. ಡಬ್ಲ್ಯೂ100 ಪಿಸ್ಟನ್ ಎಂಜಿನಿನದ್ದು, ಎಸ್‌ಎಇ 50 ದಪ್ಪ. ತನ್ನ ಜಾಗದಲ್ಲಿ ಒಳ್ಳೆಯ ಎಣ್ಣೆ. ನಿಮಗೆ ಬೇಕಾದ್ದಕ್ಕಿಂತ ನಾಲ್ಕು ಪಟ್ಟು ದಪ್ಪ, ಮೇಲಾಗಿ ಮಿನರಲ್. ಗೇಟಿನ ತಿರುಗಣಿಗೆ ಹಾಕಿ.

ಬೇರಿಂಗ್ ನೋಡಲಿಕ್ಕೆ ಎಂಜಿನ್ ಬಿಚ್ಚಬೇಡಿ, ಶಾಫ್ಟಿನ ಬ್ಯಾಲೆನ್ಸ್ ಹೋದರೆ ದೊಡ್ಡ ರಾಮಾಯಣ. ಮಾತು ನಿಂತ ಕೋಣೆಯಲ್ಲಿ ಕೂತು, ಸ್ಟಾರ್ಟರ್ ಮೋಟರಿನಿಂದ ಇಂಧನ ಇಲ್ಲದೆ ಐದು ಸೆಕೆಂಡ್ ತಿರುಗಿಸಿ ಬಿಡಿ. ಚೆನ್ನಾಗಿದ್ದರೆ ನಿಧಾನಕ್ಕೆ, ಮೆತ್ತಗೆ, ಸದ್ದಿಲ್ಲದೆ ನಿಲ್ಲುತ್ತದೆ. ಕೊನೆಯಲ್ಲಿ ಜರ್ರ್ ಅಂದರೆ, ಅಥವಾ ಯಾರೋ ಹಿಡಿದ ಹಾಗೆ ಗಕ್ಕನೆ ನಿಂತರೆ, ಸ್ಟಾರ್ಟ್ ಮಾಡದೆ ಸರ್ವಿಸಿಗೆ ಕಳಿಸಿ. ಹೋದ ಬೇರಿಂಗನ್ನು ಯಾವ ಎಣ್ಣೆಯೂ ವಾಪಸ್ ತರುವುದಿಲ್ಲ.

ಬದಿಯಡ್ಕ ಸ್ಪ್ಯಾನರ್:

ನೀಲಿ ಚಿಮಿಣಿ ಎಣ್ಣೆ ಬೇಡ ಮಾರಾಯ್ರೇ. ಅದು ದೀಪಕ್ಕೂ ಒಲೆಗೂ ಅಂತ ಸರಕಾರ ರೇಶನಿನಲ್ಲಿ ಕೊಡುವುದು, ಬೇರೆ ಕೆಲಸಕ್ಕೆ ತಿರುಗಿಸಿದರೆ ಕೇಸ್. ಬಂಕಿನ ಡೀಸೆಲ್ ಹಾಕಿ. ಚಿಮಿಣಿ ಎಣ್ಣೆಗಿಂತ ವಾಸನೆ ಸ್ವಲ್ಪ ಜಾಸ್ತಿ, ಮಾಡೆಲಿನ ಬಾಲಕ್ಕೆ ಮಸಿಯೂ ಸ್ವಲ್ಪ ಜಾಸ್ತಿ, ಬೇರೆ ತೊಂದರೆ ನಾನು ಕಂಡಿಲ್ಲ. ಬೆರೆಸಿದ ಮೇಲೆ ಒಂದು ರಾತ್ರಿ ಇಟ್ಟು, ಅಡಿಯ ಎರಡು ಬೆರಳು ಬಿಟ್ಟು ಮೇಲಿನದ್ದನ್ನು ಮಾತ್ರ ಸೋಸಿ ಟ್ಯಾಂಕಿಗೆ ಹಾಕಿ, ನೀರಿದ್ದರೆ ಅಡಿಯಲ್ಲೇ ಉಳಿಯುತ್ತದೆ.

ಕುಂಬಳೆ ಗಾಳಿಪಟ:

ತಿರುಗಿಸಿ ನೋಡಿದೆ. ಫ್ಯಾನ್ ಆಫ್ ಮಾಡಿ, ಅಮ್ಮನ ಸೀರಿಯಲ್ ಮುಗಿಯುವವರೆಗೆ ಕಾದು. ಸದ್ದಿಲ್ಲದೆ, ತುಂಬ ಹೊತ್ತು ತಿರುಗಿ, ಮೆತ್ತಗೆ ನಿಂತಿತು. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೆಯೇ. ಮಾರಿದವರಿಗೆ ಫೋನ್ ಮಾಡಿ ಕೇಳಿದರೆ, ಡಬ್ಲ್ಯೂ100 ಡಬ್ಬ ಅವರಿಗೂ ಯಾರೋ ಕೊಟ್ಟದ್ದಂತೆ, ಅರ್ಧ ಖಾಲಿಯಾಗಿಯೇ ಬಂದದ್ದಂತೆ. ಅವರು ಹಾಕುತ್ತಿದ್ದದ್ದು ಸಿಂಥೆಟಿಕ್ 2ಟಿ. ಜತ್ತದ ಅಣ್ಣನಿಗೆ ಖುಷಿ ಆದೀತು.

ಎರಡು ಡಬ್ಬ ಟರ್ಬೈನ್ ಎಣ್ಣೆಗೆ ಆರ್ಡರ್ ಹಾಕಿದೆ. ಟೈಗಾನ್ ಟ್ಯೂಬ್ ಬಂತು, ಸಿಲಿಕಾನ್ ಎಲ್ಲ ಕಿತ್ತೆ. ಎಣ್ಣೆ ಬಂದ ಮೇಲಿನ ಭಾನುವಾರ ನಮ್ಮ ಮನೆ ಹಿಂದಿನ ಪಾರೆಯಲ್ಲಿ, ವಿಮಾನಕ್ಕೆ ಹಾಕದೆ, ಬೆಂಚಿಗೆ ಬಿಗಿದು ಸ್ಟಾರ್ಟ್ ಮಾಡುವ ಅಂತ ಉಂಟು.

ಬದಿಯಡ್ಕ ಸ್ಪ್ಯಾನರ್:

ನಾನೂ ಬರುತ್ತೇನೆ, ದೂರ ಎಂತ ಅಲ್ಲ. ಪಾರೆಯ ಮುಳಿಹುಲ್ಲು ಈಗ ಒಣಗಿದೆ, ಎಂಜಿನಿನ ಹಿಂದೆ ಹತ್ತು ಹೆಜ್ಜೆ ಕೆರೆಸಿ ಇಡಿ. ಬೆಂಕಿ ಆರಿಸುವ ಪೌಡರ್ ಸಿಲಿಂಡರ್ ತರಬೇಡಿ, ಒಮ್ಮೆ ಹೊಡೆದರೆ ಬೇರಿಂಗ್ ತುಂಬ ಪೌಡರ್. ನನ್ನ ಹತ್ತಿರ ಸಿಒ2 ಉಂಟು, ತರುತ್ತೇನೆ. ನೀವು ಚಾ ನೋಡಿಕೊಳ್ಳಿ.